ಬೇತಾಳನ ಪ್ರಶ್ನೆ, ಕಾಕಾನ ಹೆಬ್ಬೆರಳು

ಫ್ಯಾಮಿಲಿ ಗ್ರೂಪಿನಲ್ಲಿ ಗುಲಾಬಿ ಹೂವಿನ ಶುಭೋದಯ ಕಳಿಸುವವರನ್ನೆಲ್ಲ ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೇನೆ. ಧಾರವಾಡದ ಕಾಕಾರನ್ನು ಮಾತ್ರ ಆಗ್ತಾ ಇಲ್ಲ. ಅವರು ಹಳೇ ಚಂದಮಾಮದ ಪುಟಗಳ ಫೋಟೋ ಕಳಿಸುತ್ತಾರೆ. ಒಳ್ಳೇದೇ ಅಲ್ವಾ ಅಂತೀರಿ. ದಿನಕ್ಕೆ ಒಂದೇ ಪುಟ ಕಣ್ರೀ! ಇವತ್ತು ಕತೆಯ ನಡುವಿನದು, ನಾಳೆ ಮೊದಲಿನದು, ನಾಡಿದ್ದು ಯಾವುದೋ ಬಿಸ್ಕೀಟಿನ ಜಾಹೀರಾತು.

ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಆ ಹೆಬ್ಬೆರಳು. ಬೈಂಡ್ ಮಾಡಿಸಿದ ದಪ್ಪ ಪುಸ್ತಕ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಫೋಟೋ ಹೊಡೆಯುತ್ತಾರೆ. ಬೆರಳು ಸರಿಯಾಗಿ ಪುಟದ ಕೆಳಗಡೆ ಬಂದು ಕೂರುತ್ತದೆ. ಸಣ್ಣ ಬೆರಳೂ ಅಲ್ಲ, ರಿಟೈರ್ ಆದ ಪಿ.ಟಿ. ಮಾಸ್ತರರ ಬೆರಳು, ಒಂದೇ ಸಲ ನಾಲ್ಕು ಸಾಲು ನುಂಗುತ್ತದೆ. ಅದರ ಕೆಳಗೆ ಎಷ್ಟು ರಾಜಕುಮಾರಿಯರ ಮದುವೆ ನಿಂತು ಹೋಗಿವೆಯೋ! ರಾಕ್ಷಸನ ಪ್ರಾಣ ಎಲ್ಲಿದೆ ಅಂತ ಮುದುಕಿ ಗುಟ್ಟು ಹೇಳಲು ಶುರು ಮಾಡುತ್ತಾಳೆ, ಮುಂದೆ ನೋಡಿದರೆ ಉಗುರು.

ಕಳೆದ ವಾರ ಬೇತಾಳ ಕತೆ ಬಂತು. ಅಪರೂಪಕ್ಕೆ ಪುಟಗಳೂ ಸಾಲಾಗಿ ಬಂದವು. ಮಂತ್ರಿಯ ಮಗ ಕೈಗೆ ಬಂದ ರಾಜ್ಯವನ್ನು ಯಾಕೆ ಬೇಡ ಅಂದ? ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಾವಿರ ಹೋಳಾಗುತ್ತದೆ ಅಂತ ಬೇತಾಳ ಹೆದರಿಸಿತು. ರಾಜ ತ್ರಿವಿಕ್ರಮ ಬಾಯಿ ತೆರೆದ. ಅಲ್ಲಿಗೆ ಬೆರಳು. ಬೆರಳಿನ ಆಚೆ ಕಡೆ ಬೇತಾಳ ಹೆಣದ ಸಮೇತ ಮರ ಸೇರಿಯಾಗಿತ್ತು. 'ಅಣ್ಣಾ, ಬಟ್ಟು ತಗೀರಿ' ಅಂತ ಗದಗಿನ ಅತ್ತೆ ಬರೆದರು. ಕಾಕಾ ಕೈ ಮುಗಿಯುವ ಚಿತ್ರ ಕಳಿಸಿದರು. ನೆಟ್‌ನಲ್ಲಿ ಹುಡುಕೋಣ ಅಂದರೆ ಯಾವ ತಿಂಗಳ ಸಂಚಿಕೆ ಅಂತ ಅವರು ಬಾಯಿ ಬಿಡೋದಿಲ್ಲ.

ತಡೆಯಲಾಗದೆ ಭಾನುವಾರ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೇ ಹೋದೆ.

ಕಾಕಾರ ಹತ್ತಿರ ಪುಸ್ತಕ ಕೇಳಿದರೆ ಮೊದಲು ಇತಿಹಾಸ ಬರುತ್ತದೆ. 1947ರಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಸೇರಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ್ದು, 1949ರಲ್ಲಿ ಕನ್ನಡಕ್ಕೆ ಬಂದದ್ದು, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ಆ ರಾಜನ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡದ್ದು, ಎಲ್ಲ ಮುಗಿಯುವಷ್ಟರಲ್ಲಿ ಚಾ ಆರಿತ್ತು.

ಆ ಚಿತ್ರವನ್ನು ನಾನು ಮೊದಲು ನೋಡಿದ್ದು ಇದೇ ಕಾಕಾರ ತೋಳಿನ ಸಂದಿಯಿಂದ. ಆಗ ನಾವೆಲ್ಲ ಗದಗಿನಲ್ಲಿದ್ದೆವು. ಅವರಿಗೆ ಹೊಸ ನೌಕರಿ, ಪಗಾರ ಆದ ದಿನ ಸ್ಟೇಷನ್ ಅಂಗಡಿಯಿಂದ ಚಂದಮಾಮ ತರುತ್ತಿದ್ದರು. ತರುವುದು ಮಕ್ಕಳಿಗೆ, ಓದುವುದು ತಾವು. ನಾನು, ತಮ್ಮ ಎರಡೂ ಕಡೆ ಕುತ್ತಿಗೆ ಚಾಚಿಕೊಂಡು ಕೂರುತ್ತಿದ್ದೆವು. ನಾನು ಓದುವುದು ನಿಧಾನ. 'ಆತೇನವಾ?' ಅಂತ ಕೇಳಿ, ನಾನು ಹೂಂ ಅಂದ ಮೇಲೇ ಪುಟ ತಿರುವುತ್ತಿದ್ದರು. ಆಮೇಲೆ ತಮ್ಮ ಬಾಲಮಂಗಳ ಪತ್ರಿಕೆಯ ಡಿಂಗನ ಪಕ್ಷ ಸೇರಿದ, ನಾನು ಹಾಸ್ಟೆಲ್ ಸೇರಿದೆ. ಕೊನೆಗೊಂದು ದಿನ ಚಂದಮಾಮ ಬರುವುದೇ ನಿಂತಿತು.

'ಕೈ ತೊಳಕೊಂಡ ಬಾ' ಅಂದರು. ತೊಳೆದೆ. 'ಒರಸ್ಕೊ.' ಒರೆಸಿದೆ. ಹಳೇ ಧೋತರದ ಗಂಟು ಬಿಚ್ಚಿ ಪುಸ್ತಕ ತೆಗೆದರು. ಕೈಗೆ ಕೊಡಲಿಲ್ಲ, ಟೇಬಲ್ ಮೇಲಿಟ್ಟು ತಾವೇ ಪುಟ ತೆರೆದರು. ಅಂತೂ ಓದಿದೆ. ಅಪ್ಪನ ಮಾತು ಉಳಿಸಲು ಮಂತ್ರಿಯ ಮಗ ರಾಜ್ಯ ಬಿಟ್ಟನಂತೆ. ಇಷ್ಟೇನಾ?

'ಇದ್ಯಾವ ಉತ್ತರ ಕಾಕಾ? ಪ್ರಜೆಗಳ ಗತಿ ಏನು?' ಅಂದೆ. ಕಾಕಾ ರಾಜನ ಪರ ವಕಾಲತ್ತಿಗೆ ನಿಂತರು. ನಾನು ಬೇತಾಳನ ಪರ. ದನಿ ಏರಿತು. 'ಇಬ್ರೂ ಸಾಕ ಮಾಡ್ರಿ, ಅವಲಕ್ಕಿ ಆರಾಕತ್ತೇತಿ' ಅಂತ ಕಾಕು ಒಳಗಿನಿಂದ ಕೂಗಿದರು.

ಹೊರಡುವಾಗ ಧೈರ್ಯ ಮಾಡಿ, ಒಂದು ವಾರ ಪುಸ್ತಕ ಒಯ್ಯಲಾ ಅಂತ ಕೇಳಿದೆ. ಕಾಕಾ ಧೋತರದ ಗಂಟನ್ನು ಇನ್ನಷ್ಟು ಬಿಗಿ ಮಾಡಿದರು.

'ಬ್ಯಾರೆ ಏನರ ಕೇಳವಾ, ಇಲ್ಲ ಅನ್ನಂಗಿಲ್ಲ' ಅಂತ ಅರ್ಧ ಕಿಲೋ ಫೇಡೆ ಡಬ್ಬಿ ಕೈಗಿಟ್ಟರು. ನನಗೆ ಶುಗರ್ ಇರುವುದು ಅವರಿಗೆ ಚೆನ್ನಾಗಿ ಗೊತ್ತು.