ಹಾಸಿಗೆ ಲೆಕ್ಕ ಸಾಲದು

ನಿಮ್ಮ ಲೇಖನದಲ್ಲಿ, ಸಾವಿರ ಹಾಸಿಗೆಯ ‘ಕಂಫರ್ಟ್’ ಅನ್ನೋ ಆಸ್ಪತ್ರೆ ಹಡಗು ಬಂದು ನಿಂತರೆ ದೊಡ್ಡಾಸ್ಪತ್ರೆಯೇ ಊರಿಗೆ ಬಂದ ಹಾಗೆ ಅಂತ ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಅಮೆರಿಕ ನೌಕಾಪಡೆಯ ಈ ಹಡಗು ಮೊದಲು ತೈಲ ಸಾಗಿಸುತ್ತಿತ್ತು. ಉದ್ದ 270 ಮೀಟರ್ ದಾಟುತ್ತದೆ, ತಳ ನೀರಿನೊಳಗೆ ಸುಮಾರು 10 ಮೀಟರ್ ಇಳಿದಿರುತ್ತದೆ. ಸಣ್ಣ ಬಂದರಿನೊಳಗೆ ಬರುವುದೇ ಇಲ್ಲ, ದೂರದಲ್ಲೇ ಲಂಗರು. ಕಾಲು ಮುರಿದವರನ್ನೂ ದೋಣಿಯಲ್ಲೋ ಹೆಲಿಕಾಪ್ಟರ್‌ನಲ್ಲೋ ಸಾಗಿಸಬೇಕು. ಅಲೆ ಜೋರಾದರೆ ದೋಣಿಯ ಕಥೆ ಮುಗಿಯಿತು.

ಹೈಟಿಯಲ್ಲಿ ಭೂಕಂಪ ಆಗಿದ್ದು 2010ರ ಜನವರಿ 12ಕ್ಕೆ. ಹಡಗು ತಲುಪಿದ್ದು 20ಕ್ಕೆ, ಮಾರ್ಚ್‌ನಲ್ಲಿ ವಾಪಸ್. ನೂರಾರು ಆಪರೇಷನ್ ಮಾಡಿದರು, ಸಣ್ಣ ಮಾತಲ್ಲ. ಆದರೆ ಹಡಗು ಹೋದ ಮೇಲೆ ಆ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವವರು ಯಾರು?

ನಮ್ಮಮ್ಮನಿಗೆ ಒಂದು ಉಚಿತ ಕ್ಯಾಂಪ್‌ನಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಹತ್ತೇ ದಿನಕ್ಕೆ ಕಣ್ಣು ಕೆಂಡದ ಹಾಗೆ ಕೆಂಪಾಯಿತು. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ದುಡ್ಡು ಕೊಟ್ಟೇ ಬೇರೆ ಕಡೆ ತೋರಿಸಿದೆವು. ಹಾಗಂತ ಕ್ಯಾಂಪೇ ಬೇಡ ಅನ್ನುತ್ತಿಲ್ಲ.

ಹಡಗಿನ ವೈದ್ಯರು ತಾವು ಹೋದ ಊರಿನ ನರ್ಸ್‌ಗಳಿಗೆ ಕೆಲಸ ಕಲಿಸುವುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದರ ಬಗ್ಗೆನೇ ಜಾಸ್ತಿ ಬರೆಯಬೇಕಿತ್ತು, ಅಲ್ವಾ?