ಪರದೆಗೆ ಕಿವಿಯಿಲ್ಲ

ಈಚೆಗೆ ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆಯ ಹಿಂದೆ ಗೋಡೆಯಗಲದ ಪರದೆ ಇತ್ತು. ಪಿಟೀಲು ನುಡಿಸುತ್ತಿದ್ದವರು ಮುಗಿಸುವ ಹೊತ್ತಿಗೆ ಒಂದೇ ಸ್ವರದ ಮೇಲೆ ನಿಂತರು. ಕಮಾನು ತಂತಿಗೆ ತಾಗುತ್ತಿದೆಯೋ ಇಲ್ಲವೋ ಎನ್ನುವಷ್ಟು ಹಗುರವಾದ ನಾದ. ಸಭೆಯೆಲ್ಲ ಉಸಿರು ಬಿಗಿಹಿಡಿದು ಕುಳಿತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪರದೆಯ ತುಂಬ ಕಿತ್ತಳೆ ಬಣ್ಣದ ಉಂಗುರಗಳು ಭಗ್ಗನೆ ಅರಳಿದವು. ಎಲ್ಲರ ಕಣ್ಣೂ ಅತ್ತ ಹೋಯಿತು. ಮತ್ತೆ ಕಿವಿಗೊಡುವಷ್ಟರಲ್ಲಿ ಆ ಸ್ವರ ಮುಗಿದುಹೋಗಿತ್ತು.

ಕೆಮ್ಮಿದವರ ತಪ್ಪೇನೂ ಇಲ್ಲ. ಆ ಚಿತ್ರಗಳನ್ನು ಹುಟ್ಟಿಸುತ್ತಿದ್ದ ತಂತ್ರಾಂಶ ಮಾಡುವುದು ಇಷ್ಟೇ: ಮೈಕಿನಿಂದ ಬಂದ ಸದ್ದನ್ನು ತಗ್ಗು, ನಡು, ಮೇಲು ಎಂದು ಹಲವು ಕಂಪನಪಟ್ಟಿಗಳಾಗಿ ಸೀಳುತ್ತದೆ, ಪ್ರತಿ ಪಟ್ಟಿಯ ಬಲವನ್ನು ಅಳೆಯುತ್ತದೆ, ಆ ಅಂಕಿಗೆ ತಕ್ಕಂತೆ ಆಕಾರಗಳನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಅದರ ಲೆಕ್ಕದಲ್ಲಿ ಕೆಮ್ಮೂ ಒಂದೇ, ಷಡ್ಜವೂ ಒಂದೇ. ಆದರೂ ಸಂಗೀತಕ್ಕೆ ಚಿತ್ರ ಜೋಡಿಸುವುದೆಂದರೆ ಇದೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಬೇಸರವಿರುವುದು ಈ ಒಪ್ಪಿಗೆಯ ಬಗ್ಗೆ. ಅಮೂರ್ತ ಆಕಾರಗಳ ಚಲನೆಗೂ ಸಂಗೀತಕ್ಕೂ ನಿಜವಾದ ನಂಟು ಇದೆ ಎಂದು ನಂಬಿದವನು ನಾನು. ಆ ನಂಟು ಸ್ವರಕ್ಕೊಂದು ಬಣ್ಣ ಹಚ್ಚುವುದರಲ್ಲಿ ಸಿಗುವುದಿಲ್ಲ, ತಾಳದ ಪೆಟ್ಟಿಗೊಂದು ಜಿಗಿತ ಕೊಡುವುದರಲ್ಲೂ ಸಿಗುವುದಿಲ್ಲ.

ಸ್ವರಕ್ಕೊಂದು ಬಣ್ಣ ಎಂಬ ಆಸೆ ಬಹಳ ಹಳೆಯದು. 1704ರಲ್ಲಿ ಪ್ರಕಟವಾದ ತನ್ನ ಬೆಳಕಿನ ಗ್ರಂಥದಲ್ಲಿ ನ್ಯೂಟನ್ ಬಣ್ಣದ ಪಟ್ಟಿಯನ್ನು ಏಳು ಭಾಗ ಮಾಡಿ, ಅದನ್ನು ಸ್ವರಗಳ ಅಂತರಗಳೊಂದಿಗೆ ಹೋಲಿಸಿದ. 1725ರಲ್ಲಿ ಲೂಯಿ ಬರ್ಟ್ರಾಂಡ್ ಕ್ಯಾಸ್ಟೆಲ್ ಎಂಬ ಫ್ರೆಂಚ್ ಪಾದ್ರಿ, ಹಾರ್ಮೋನಿಯಂನಂತೆ ಕೀಲಿ ಒತ್ತಿದರೆ ಬಣ್ಣ ಕಾಣಿಸುವ ವಾದ್ಯವೊಂದರ ಕಲ್ಪನೆಯನ್ನು ಮುಂದಿಟ್ಟ. ರಷ್ಯಾದ ಸ್ಕ್ರಿಯಾಬಿನ್ 1910ರ ತನ್ನ ವಾದ್ಯವೃಂದದ ಕೃತಿಯಲ್ಲಿ ಬೆಳಕಿಗೇ ಒಂದು ಪಾತ್ರ ಬರೆದ. ಇವರ ಹಂಬಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕಣ್ಣು ಕಿವಿಗಳೇ ಇದಕ್ಕೆ ಒಗ್ಗುವುದಿಲ್ಲ. ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಕೇಳಿಸುತ್ತದೆ, ಅಂದರೆ ಸ್ಥಾಯಿಗೊಮ್ಮೆ ಕಂಪನ ಇಮ್ಮಡಿಯಾಗುತ್ತಾ ಸುಮಾರು ಹತ್ತು ಸ್ಥಾಯಿಗಳು. ಕಣ್ಣಿಗೆ ಕಾಣುವ ಬೆಳಕಿನ ಹರಹು ಸರಿಯಾಗಿ ಒಂದು ಸ್ಥಾಯಿಯೂ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಷಡ್ಜ ಪಂಚಮಗಳನ್ನು ಒಟ್ಟಿಗೆ ನುಡಿಸಿದರೆ ಎರಡೂ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ, ಜೊತೆಗೆ ಅವುಗಳ ಹೊಂದಾಣಿಕೆಯೂ ಕೇಳಿಸುತ್ತದೆ. ಕೆಂಪು ಹಸಿರು ಬೆಳಕುಗಳನ್ನು ಒಂದೇ ಜಾಗಕ್ಕೆ ಬಿಟ್ಟರೆ ಹಳದಿ ಕಾಣುತ್ತದೆ. ಕೆಂಪೂ ಮಾಯ, ಹಸಿರೂ ಮಾಯ. ಜೊತೆಗೂಡಿದರೂ ಒಂದನ್ನೊಂದು ನುಂಗದೆ ಇರುವ ಸ್ವರಗಳ ಗುಣ ಬಣ್ಣಕ್ಕೆ ಎಲ್ಲಿಂದ ಬರಬೇಕು?

ಪೆಟ್ಟಿನ ವಿಷಯವೂ ಹಾಗೆಯೇ. ಸೆಕೆಂಡಿಗೆ 24 ಚಿತ್ರ ತೋರಿಸಿದರೆ ಕಣ್ಣು ಅದನ್ನು ಒಂದೇ ಚಲನೆಯಾಗಿ ಒಪ್ಪುತ್ತದೆ. ಕಿವಿ ಅಷ್ಟು ಸುಲಭಕ್ಕೆ ಒಪ್ಪುವುದಲ್ಲ, ಸೆಕೆಂಡಿನ ಕೆಲವೇ ಸಾವಿರದೊಂದು ಭಾಗದ ಅಂತರದಲ್ಲಿ ಬಿದ್ದ ಎರಡು ಟಿಕ್ ಸದ್ದುಗಳನ್ನೂ ಬಿಡಿಸಿ ಕೇಳುತ್ತದೆ. ಮೃದಂಗದ ವೇಗದ ಸೊಲ್ಲುಗಳ ಹಿಂದೆ ಚುಕ್ಕೆಗಳನ್ನು ಓಡಿಸಿದರೆ ಕಣ್ಣಿಗೆ ಉಳಿಯುವುದು ಬರೀ ಮಿನುಗು.

ಹಾಗಾದರೆ ನಂಟು ಎಲ್ಲಿದೆ? ನನಗೆ ಅದು ಕಂಡದ್ದು ಅಮೆರಿಕದ ಜಾನ್ ವಿಟ್ನಿಯ ಕೆಲಸದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ವಿಮಾನ ಹೊಡೆಯುವ ಫಿರಂಗಿಗೆ ಗುರಿ ಲೆಕ್ಕ ಹಾಕುತ್ತಿದ್ದ ಹಳೆಯ ಯಂತ್ರವನ್ನು ತಂದು, ಅದರಿಂದ ಚಿತ್ರ ಬಿಡಿಸುವಂತೆ ಮಾಡಿಕೊಂಡವನು ಆತ. ಅವನ ಯೋಚನೆಯನ್ನು ಒಂದು ಹಾಳೆಯ ಮೇಲೆ ನೀವೇ ಪರೀಕ್ಷಿಸಬಹುದು. ಒಂದು ವೃತ್ತ, ಅದರ ಮೇಲೆ ಒಂದೇ ಕಡೆ ಕೂಡಿ ನಿಂತ ಹನ್ನೆರಡು ಚುಕ್ಕೆಗಳು. ಮೊದಲನೆಯದು ಒಂದು ಸುತ್ತು ಹಾಕುವ ಹೊತ್ತಿಗೆ ಎರಡನೆಯದು ಎರಡು ಸುತ್ತು, ಮೂರನೆಯದು ಮೂರು, ಹೀಗೆ ಹನ್ನೆರಡರವರೆಗೆ. ಹೊರಟ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ. ಆದರೆ ಕಾಲದ ಮೂರನೆಯ ಒಂದು ಭಾಗ ಕಳೆದ ಕ್ಷಣಕ್ಕೆ ಹನ್ನೆರಡೂ ಮೂರೇ ಜಾಗಗಳಲ್ಲಿ ಬಂದು ನಿಲ್ಲುತ್ತವೆ. ಮತ್ತೆ ಚದುರುತ್ತವೆ. ಅರ್ಧ ಕಳೆದಾಗ ಎರಡೇ ಗುಂಪು, ಎದುರುಬದುರು. ಮತ್ತೆ ಚದುರಿ, ಕೊನೆಗೆ ಎಲ್ಲವೂ ಹೊರಟಲ್ಲಿಗೇ ಬಂದು ಕೂಡುತ್ತವೆ. ಮೊದಲ ಸಲ ಇದನ್ನು ನೋಡಿದಾಗ ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕಿತು. ಲೆಕ್ಕ ತಪ್ಪಿತೇನೋ ಎನ್ನುವಷ್ಟು ದೂರ ಹೋದ ವಾದಕರು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಇಳಿದಾಗ ಆಗುವ ಸುಖವೇ ಇದು. ಒಂದೇ ಒಂದು ಸ್ವರ ಕೇಳಿಸಿರಲಿಲ್ಲ. ಬಣ್ಣವೂ ಇರಲಿಲ್ಲ. ಎಳೆದು ಕಾಯಿಸುವುದು, ಆಮೇಲೆ ಬಿಡುಗಡೆ ಕೊಡುವುದು: ಸಂಗೀತವೂ ಚಲಿಸುವ ಆಕಾರವೂ ಕೈಹಿಡಿಯುವುದು ಇಲ್ಲಿ.

ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿ ನಾರ್ಮನ್ ಮೆಕ್ಲಾರೆನ್ ಮತ್ತು ಎವೆಲಿನ್ ಲ್ಯಾಂಬಾರ್ಟ್ 1949ರಲ್ಲಿ ‘ಬಿಗಾನ್ ಡಲ್ ಕೇರ್’ ಮಾಡಿದರು. ಕ್ಯಾಮೆರಾ ಮುಟ್ಟದೆ ಫಿಲ್ಮಿನ ಮೇಲೆಯೇ ಬಣ್ಣ ಬಳಿದು, ಕೆರೆದು ಮಾಡಿದ್ದು. ಆಸ್ಕರ್ ಪೀಟರ್ಸನ್ ಮತ್ತು ಸಂಗಡಿಗರ ಜಾಝ್ ಅಬ್ಬರಿಸುವಾಗ ಪರದೆಯ ತುಂಬ ಬಣ್ಣ ಉಕ್ಕುತ್ತದೆ, ಅದು ಚೆಂದವೇ. ಆದರೆ ನಾನು ಮತ್ತೆ ಮತ್ತೆ ನೋಡುವುದು ನಡುವಿನ ವಿಳಂಬದ ಭಾಗವನ್ನು. ಕಪ್ಪು ಹಿನ್ನೆಲೆಯಲ್ಲಿ ನಿಂತ ಕೆಲವು ಸಣ್ಣ ಗೆರೆಗಳು, ಅಷ್ಟೇ. ಬೇಕಾದಷ್ಟು ಬಣ್ಣ ಕೈಯಲ್ಲಿದ್ದೂ ಅವರು ಪಿಯಾನೋಗೆ ಜಾಗ ಬಿಟ್ಟುಕೊಟ್ಟಿದ್ದಾರೆ.

ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಆಸ್ಕರ್ ಫಿಶಿಂಗರ್ ಇನ್ನೂ ಮುಂದೆ ಹೋದ. ಪಾರದರ್ಶಕ ಪ್ಲಾಸ್ಟಿಕ್ ಹಲಗೆಯ ಮೇಲೆ ತೈಲವರ್ಣದಿಂದ ಒಂದೊಂದು ಗೀರು ಎಳೆದಾಗಲೂ ಒಂದೊಂದು ಚೌಕಟ್ಟು ಸೆರೆಹಿಡಿಯುತ್ತಾ 1947ರಲ್ಲಿ ಮುಗಿಸಿದ ಚಿತ್ರಕ್ಕೆ ಬಾಖ್‌ನ ಮೂರನೆಯ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊ ಎಂಬ ತಂತಿವಾದ್ಯಗಳ ಕೃತಿ ಜೊತೆಗಿದೆ. ಅಲ್ಲಿ ಕುಂಚ ಪಿಟೀಲಿನ ಬೆನ್ನು ಹತ್ತುವುದಿಲ್ಲ. ಸಂಗೀತ ತನ್ನ ಪಾಡಿಗೆ ಹರಿಯುತ್ತದೆ, ಸುರುಳಿಗಳು ತಮ್ಮ ಪಾಡಿಗೆ ಬೆಳೆಯುತ್ತವೆ, ಎಲ್ಲೋ ಒಂದೊಂದು ಕಡೆ ಎರಡೂ ಒಟ್ಟಿಗೆ ತಿರುಗುತ್ತವೆ. ಅದಕ್ಕೂ ಮೊದಲು, 1942ರ ಇನ್ನೊಂದು ಚಿತ್ರದ ಆರಂಭದಲ್ಲೇ ದಯವಿಟ್ಟು ಸಂಗೀತ ಬೇಡ ಎಂದು ಆತ ಬರೆದುಬಿಟ್ಟಿದ್ದ. ಬದುಕಿಡೀ ಸಂಗೀತಕ್ಕೆ ಚಿತ್ರ ಹೆಣೆದವನ ಮಾತು ಅದು. ಚಿತ್ರದ ಒಳಗೇ ಲಯ ಇದೆ ಎಂಬ ಭರವಸೆ ಇದ್ದವನಷ್ಟೇ ಹಾಗೆ ಬರೆಯಬಲ್ಲ.

ಯಾವ ಚಿತ್ರಕ್ಕೆ ಯಾವ ಹಾಡು ಹಾಕಿದರೂ ಹೊಂದುತ್ತದಲ್ಲ ಎಂದು ಗೆಳೆಯರು ವಾದಿಸುತ್ತಾರೆ. ನಿಜ, ಒಂದೇ ಕ್ಷಣದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಮನಸ್ಸು ತಾನಾಗಿಯೇ ಗಂಟು ಹಾಕುತ್ತದೆ. ನಾನೂ ಸದ್ದಡಗಿಸಿ ಬೇರೆ ಬೇರೆ ಸಂಗೀತ ಹಾಕಿ ನೋಡಿದ್ದೇನೆ. ಮೊದಲ ಒಂದು ನಿಮಿಷ ಎಲ್ಲವೂ ಹೊಂದುತ್ತದೆ. ಸಂಗೀತ ಉಸಿರು ತೆಗೆದುಕೊಳ್ಳುವಾಗ ಚಿತ್ರ ಏದುಸಿರು ಬಿಡುತ್ತಿರುತ್ತದೆ ನೋಡಿ, ಅಲ್ಲಿ ಗಂಟು ಸಡಿಲವಾಗುತ್ತದೆ. ಪರೀಕ್ಷೆ ಮಾಡಬೇಕಾದದ್ದು ಶುರುವಿನಲ್ಲಲ್ಲ, ನಿಲುಗಡೆಯಲ್ಲಿ.

ಅಂದು ಪರದೆ ನೋಡಿಕೊಂಡವರಿಗೆ ಇದನ್ನೆಲ್ಲ ಹೇಳಬೇಕೆಂದು ಹೋದೆ. ಒಳ್ಳೆಯ ಹುಡುಗ, ತಾಳ್ಮೆಯಿಂದ ಕೇಳಿಸಿಕೊಂಡ. ಕಾರ್ಯಕ್ರಮಕ್ಕೆ ಮೊದಲು ಅವನು ಆ ಸಂಗೀತವನ್ನು ಒಮ್ಮೆಯೂ ಕೇಳಿರಲಿಲ್ಲ; ಕೇಳಬೇಕೆಂದು ಯಾರೂ ಅವನಿಗೆ ಹೇಳಿಯೂ ಇರಲಿಲ್ಲ. ಇಂಥ ಕಾರ್ಯಕ್ರಮ ನಡೆಸುವವರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಕೆಲವರಿದ್ದೀರಿ. ಪರದೆಯವನನ್ನು ಅಭ್ಯಾಸಕ್ಕೆ ಕರೆಯಿರಿ, ವಾದ್ಯದವರ ಪಕ್ಕದಲ್ಲಿ ಕೂರಿಸಿ. ಮೈಕಿನ ತಂತಿಯನ್ನು ಅವನ ಯಂತ್ರದಿಂದ ಬಿಡಿಸಿ, ಬೆಳಕು ಏರಿಸಿ ಇಳಿಸುವ ಗುಂಡಿಯನ್ನು ಅವನ ಕೈಗೇ ಕೊಡಿ. ಕಮಾನು ಕೊನೆಯ ಸ್ವರದ ಮೇಲೆ ನಿಂತಾಗ ಏನು ಮಾಡಬೇಕು ಎಂದು ಅವನು ಕೇಳಿದ್ದ. ಒಂದು ಗೆರೆ ಉಳಿಸಿಕೋ, ಅದನ್ನೂ ಅವರ ಜೊತೆಗೇ ಮೆಲ್ಲಗೆ ಆರಿಸು ಎಂದೆ.