ಸರಾಸರಿ ಜ್ವರ

ನನ್ನ ಕಂಪ್ಯೂಟರಿನ ಮುಖ್ಯ ಚಿಪ್ಪು, ಅಂದರೆ ಪ್ರೊಸೆಸರ್, ಇರುವುದು ಒಂದೇ. ಬಿಸಿ ಎಷ್ಟಪ್ಪಾ ಅಂದರೆ ಒಂದು ಸಾಫ್ಟ್‌ವೇರ್ 52 ಡಿಗ್ರಿ ಅನ್ನುತ್ತದೆ, ಇನ್ನೊಂದು 68, ಮೂರನೆಯದು ಸೀದಾ 127! ಅದು ನಿಜವಾಗಿದ್ದರೆ ಮೇಜಿನ ಕೆಳಗೇ ಬಂಗಡೆ ಹುರಿದುಕೊಳ್ಳಬಹುದಿತ್ತು. ಗ್ಯಾಸಾದರೂ ಉಳಿಯುತ್ತಿತ್ತು.

ಏಪ್ರಿಲ್‌ನ ಕಾರವಾರ ಗೊತ್ತಲ್ವಾ? ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು. ಕಂಪ್ಯೂಟರ್ ಫ್ಯಾನೂ ಬೊಬ್ಬೆ ಹೊಡೆಯತೊಡಗಿತು. ನೋಡೋಣ ಅಂತ ಬಿಸಿ ಅಳೆಯುವ ಈ ಮೂರೂ ಸಾಫ್ಟ್‌ವೇರ್ ಹಾಕಿಕೊಂಡೆ.

ಯಾರೂ ಸುಳ್ಳು ಹೇಳುತ್ತಿಲ್ಲ, ಅದೇ ತಲೆನೋವು. 52 ಅನ್ನುವುದು ಮದರ್‌ಬೋರ್ಡಿನಲ್ಲಿ, ಚಿಪ್ಪಿನ ಹೊರಗಿರುವ ಸೆನ್ಸರ್. 68 ಚಿಪ್ಪಿನ ಒಳಗಿನದು. ಇಂಟೆಲ್‌ನ ಈ ಒಳಗಿನ ಸೆನ್ಸರ್ ಬಿಸಿ ಎಷ್ಟು ಅಂತ ನೇರವಾಗಿ ಹೇಳುವುದೇ ಇಲ್ಲ. ಗರಿಷ್ಠ ಮಿತಿಗೆ ಇನ್ನು 32 ಡಿಗ್ರಿ ಬಾಕಿ ಅನ್ನುತ್ತದೆ, ಅಷ್ಟೇ. ಮಿತಿ 100 ಅಂತ ಹಿಡಿದರೆ 68. ಸಾಫ್ಟ್‌ವೇರ್ 85 ಅಂತ ಹಿಡಿದರೆ ಅದೇ ಚಿಪ್ಪು 53ಕ್ಕೆ ತಣ್ಣಗೆ! ಇನ್ನೊಂದು ಕಂಪನಿ ಎಎಂಡಿಯ ರೈಜನ್ 1800ಎಕ್ಸ್ ಚಿಪ್ಪಂತೂ 2017ರಲ್ಲಿ ಬಂದಾಗ ಬೇಕೆಂದೇ 20 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು, ಫ್ಯಾನಿನ ಲೆಕ್ಕ ಎಲ್ಲ ಚಿಪ್ಪಿಗೂ ಒಂದೇ ಇರಲಿ ಅಂತ. ಇನ್ನು ನನ್ನ 127? ಆ ಅಂಕಿ ಬರುವ ಪಿನ್ನಿಗೆ ಸೆನ್ಸರೇ ಜೋಡಿಸಿಲ್ಲ. ಏನೂ ಇಲ್ಲದವನದೇ ದೊಡ್ಡ ಗಂಟಲು.

ಇಷ್ಟನ್ನೂ ಪಕ್ಕದ ಮನೆಯ ಮಾಮನಿಗೆ ವಿವರಿಸಿದೆ. ರಿಟೈರಾದವರು, ಎಲ್ಲದಕ್ಕೂ ಸರಾಸರಿ ತೆಗೆಯುವವರು. ಮೀನು ಮಾರ್ಕೆಟ್ಟಿನಲ್ಲಿ ಮೂವರ ಹತ್ತಿರ ರೇಟು ಕೇಳಿ, ಕೂಡಿಸಿ, ಮೂರರಿಂದ ಭಾಗಿಸಿ, ಆ ದರವನ್ನು ನಾಲ್ಕನೆಯವಳ ಮುಂದಿಡುತ್ತಾರೆ. ಒಮ್ಮೆ ಒಬ್ಬಳು ಬುಟ್ಟಿ ಮುಚ್ಚಿ, "ಸರಾಸರಿ ಬಂಗಡೆ ಆ ಕಡೆ ಸಿಗ್ತದೆ ನೋಡಿ" ಅಂದಳು. ಮಾಮ ಆ ಕಡೆ ಹೋಗಿ ಹುಡುಕಿದರು.

ನನ್ನ ವಿವರಣೆ ಮುಗಿಯುವ ಮೊದಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಆಗಿತ್ತು. "247 ಭಾಗಿಸು 3. ಎಂಬತ್ತೆರಡು ಚಿಲ್ಲರೆ. ಜ್ವರ ಇದೆ."

"ಮಾಮ, ಆ 127 ಲೆಕ್ಕಕ್ಕೇ ಇಲ್ಲ."

"ಬಂದದ್ದನ್ನು ಬಿಡಬಾರದು ಮಾರಾಯಾ, ಸರಾಸರಿ ಕೆಡ್ತದೆ."

ಮಾಮನ ಮಗ ಬೆಂಗಳೂರಿನಲ್ಲಿದ್ದಾನೆ. ಭಾನುವಾರ ಫೋನು ಬಂದಾಗ ಅಲ್ಲಿಯ ಬಿಸಿಲು ಕೇಳಿ ಇಲ್ಲಿಯದರ ಜೊತೆ ಕೂಡಿಸುತ್ತಾರೆ. ಅಲ್ಲಿ 30, ಇಲ್ಲಿ 34, ಸರಾಸರಿ 32. ಆ 32ರ ಊರು ಎಲ್ಲಾದರೂ ಇದ್ದಿದ್ದರೆ ಅಪ್ಪ-ಮಗ ಒಂದೇ ಮನೆಯಲ್ಲಿ ಇರುತ್ತಿದ್ದರೋ ಏನೋ. ನಾನು ಆ ಬಗ್ಗೆ ತಮಾಷೆ ಮಾಡುವುದಿಲ್ಲ.

ಆದರೆ ನನ್ನ ಪ್ರೊಸೆಸರ್ ಬಗ್ಗೆ ಮಾಡಲೇಬೇಕು. ನಿನ್ನೆ ಡಬ್ಬ ಬಿಚ್ಚಿದೆ. ಚಿಪ್ಪಿನ ಬಿಸಿ ಹೀರಲು ಅದರ ಮೇಲೆ ಕೂರಿಸಿದ ಲೋಹದ ತುಂಡೇ ಹೀಟ್‌ಸಿಂಕ್. ಹೀಟ್‌ಸಿಂಕಿನ ಸಂದಿಯಲ್ಲಿ ಧೂಳು ಈ ಊರಿನ ಹಸಿಗಾಳಿಗೆ ಅಂಟಂಟಾಗಿ ಕಂಬಳಿಯ ಹಾಗೆ ಕೂತಿತ್ತು. ಬ್ರಷ್ ಹಾಕಿ ಕೆರೆದು, ಚಿಪ್ಪಿನಿಂದ ಅದಕ್ಕೆ ಬಿಸಿ ದಾಟಿಸುವ ಪೇಸ್ಟ್ ಬದಲಿಸಿದೆ. 52 ಹೋಗಿ 49 ಆಯಿತು, 68 ಹೋಗಿ 61. ಆ 127 ಮಾತ್ರ ಕದಲಲಿಲ್ಲ, ಎಲ್ಲಿಂದ ಕದಲೀತು?

ಮಾಮ ಕನ್ನಡಕ ಏರಿಸಿ ಭಾಗಾಕಾರ ಮಾಡಿದರು. "ಎಪ್ಪತ್ತೊಂಬತ್ತು! ಮೂರು ಇಳಿದಿದೆ. ಇನ್ನು ಆ 127ಕ್ಕೂ ಸ್ವಲ್ಪ ಪೇಸ್ಟ್ ಹಚ್ಚಿಬಿಡು."